ಕೆಂದಿ ಕೂತ ಮಂಕರಿ

ನಾನು ಬಿದಿರಿನ ಮಂಕರಿ. ನನ್ನನ್ನು ಹೆಣೆದದ್ದು ಹಿಪ್ಪುನೇರಳೆ ಸೊಪ್ಪು ಹೊರುವುದಕ್ಕೆ. ತಳ ಸಡಿಲವಾದ ಮೇಲೆ ಮನೆಯ ಹಿರಿಯಳು ದೇವೀರಮ್ಮ ನನ್ನೊಳಗೆ ಹುಲ್ಲು ಹಾಸಿ, ಹಿತ್ತಿಲ ಮೂಲೆಯಲ್ಲಿ ಕೋಳಿಗೆ ಕೊಟ್ಟಳು. ಸೊಪ್ಪಿನ ತಂಪು ಬಿಟ್ಟು ನಾನು ಮೊಟ್ಟೆಯ ಬಿಸುಪಿಗೆ ಒಗ್ಗಿಕೊಂಡೆ.

ಒಂದು ಬೆಳಿಗ್ಗೆ ಹಿತ್ತಿಲು ಗುಡಿಸುತ್ತಿದ್ದ ಸೊಸೆ ಕೋಮಲ, ನನ್ನ ಬಳಿ ಬಂದವಳು ಪೊರಕೆ ಕೆಳಗಿಟ್ಟಳು. ಕೆಂದಿ ಕೋಳಿ ಮೈಯುಬ್ಬಿಸಿಕೊಂಡು ಕೂತಿತ್ತು. ಅದರ ಅಡಿಯಲ್ಲಿ ಒಂದು ಮೊಟ್ಟೆಯೂ ಇರಲಿಲ್ಲ. ಎಲ್ಲವನ್ನೂ ಮನೆಯವರು ತೆಗೆದುಕೊಂಡಾಗಿತ್ತು. ಕಾಳು ಚೆಲ್ಲಿದರೂ ಏಳಲಿಲ್ಲ. ಎತ್ತಿ ಹೊರಗೆ ಬಿಟ್ಟರೆ ಓಡಿಬಂದು ಮತ್ತೆ ಕೂತಿತು. ಅದು ಸೊರಗುತ್ತಿರುವುದು ನನ್ನ ಸಡಿಲ ತಳಕ್ಕೆ ಆಗಲೇ ಗೊತ್ತಾಗಿತ್ತು.

"ಕಾವಿಗೆ ಕೂತದೆ ಕಣೆ. ನೀರಲ್ಲಿ ಅದ್ದಿ, ಮೂಗಿಗೊಂದು ಪುಕ್ಕ ಸಿಕ್ಸು, ಕಾವು ಬಿಟ್ಟು ಏಳ್ತದೆ. ಇಲ್ದಿದ್ರೆ ಬರೀ ಹುಲ್ಲಿನ ಮೇಲೆ ಕೂತೇ ಸಾಯ್ತದೆ" ಎಂದಳು ದೇವೀರಮ್ಮ.

"ಮೂಗಿಗೆ ಚುಚ್ಚುದ್ರೆ ನೋಯಲ್ವಾ ಅತ್ತೆ?"

"ನಿಂಗೆ ಮೂಗುತಿ ಚುಚ್ಚುದಾಗ ಸತ್ತೋದ್ಯಾ?"

ನನ್ನ ಪಕ್ಕದಲ್ಲಿ ಪುಟ್ಟ ಚಂಪಾ ಕುಕ್ಕರಗಾಲಲ್ಲಿ ಕೂತಿದ್ದಳು. ಅವಳ ಹೆತ್ತ ತಾಯಿ ತೀರಿಕೊಂಡ ಮೇಲೆ ಅಪ್ಪ ಮದುವೆಯಾಗಿ ಕರೆತಂದವಳು ಕೋಮಲ. "ಚಿಕ್ಕವ್ವ ಅನ್ನು" ಎಂದು ಅಜ್ಜಿ ಹೇಳಿಕೊಟ್ಟಿದ್ದರೂ ಮಗು ಏನೂ ಕರೆಯುತ್ತಿರಲಿಲ್ಲ. ಏನಾದರೂ ಬೇಕಾದರೆ ಸೆರಗು ಎಳೆಯುತ್ತಿತ್ತು, ಅಷ್ಟೆ. ಕೋಮಲ ಪ್ರತಿಸಲವೂ ತಿರುಗಿ "ಏನವ್ವಾ?" ಎನ್ನುತ್ತಿದ್ದಳು. ಒಂದು ಕರೆಗಾಗಿ ಅವಳ ಕಿವಿ ಕಾಯುತ್ತಿದ್ದುದು ನನಗೆ ಗೊತ್ತಿತ್ತು.

ಕೋಮಲ ನೀರು ತರಲಿಲ್ಲ. ಪಕ್ಕದ ಮನೆಯ ಕರಿಕೋಳಿಯ ಮೊಟ್ಟೆಗಳನ್ನು ಮಡಿಲಲ್ಲಿ ತುಂಬಿಕೊಂಡು ಬಂದಳು. ದೃಷ್ಟಿಯಾಗದಿರಲಿ ಎಂದು ನನ್ನ ಹುಲ್ಲಿನಲ್ಲಿ ಇದ್ದಲ ಚೂರೊಂದನ್ನು ಸಿಕ್ಕಿಸಿ, ಮುಸ್ಸಂಜೆಗೆ ಅವನ್ನು ಕೆಂದಿಯ ಅಡಿಗೆ ಜಾರಿಸಿದಳು. ಕೆಂದಿ ಕುಕ್ಕಿ ಕುಕ್ಕಿ ರಕ್ತ ಬರಿಸಿತು. ಅವಳು ಕೈ ಹಿಂದೆ ತೆಗೆಯಲಿಲ್ಲ.

"ಕಂಡೋರ ಮೊಟ್ಟೆ! ಒದ್ದು ಆಚೆಗೆ ಹಾಕ್ತದೆ, ನೋಡ್ತಿರು" ಎಂದಳು ಅತ್ತೆ.

ಒದೆಯಲಿಲ್ಲ. ಕೊಕ್ಕಿನಿಂದ ಒಂದೊಂದನ್ನೇ ಎಳೆದು ಎದೆಯಡಿಗೆ ಸೇರಿಸಿಕೊಂಡಿತು. ಆಮೇಲೆ ದಿನಕ್ಕೊಮ್ಮೆ ಎದ್ದು, ನಾಲ್ಕು ಕಾಳು ತಿಂದು, ಓಡಿಬರುತ್ತಿತ್ತು. ಎಷ್ಟೋ ಹೊರೆ ಹೊತ್ತಿದ್ದೇನೆ. ಇಷ್ಟು ಹಗುರಾದ ಜೀವದಲ್ಲಿ ಇಷ್ಟು ಗಟ್ಟಿತನ ಕಂಡಿರಲಿಲ್ಲ.

ಈಗ ನನ್ನ ತಳ ಕಳಚಿದೆ. ಇಂದೋ ನಾಳೆಯೋ ಒಲೆ ಸೇರುತ್ತೇನೆ. ಬೇಸರವಿಲ್ಲ. ಮರಿಗಳು ಹೊರಬಂದ ಆ ಬೆಳಿಗ್ಗೆ ನಾನು ಅಲ್ಲಿದ್ದೆನಲ್ಲ!

ಎಲ್ಲವೂ ಕರಿಮರಿಗಳು. ಕೆಂದಿ ಕೊಕ್ ಕೊಕ್ ಎಂದು ಕರೆದು ಎಲ್ಲವನ್ನೂ ತನ್ನ ಕೆಂಪು ರೆಕ್ಕೆಯೊಳಗೆ ಸೇರಿಸಿಕೊಂಡಿತು. ಚಂಪಾ ಬಹಳ ಹೊತ್ತು ನೋಡಿದಳು. ಆಮೇಲೆ ಎಂದಿನಂತೆ ಸೆರಗು ಎಳೆದಳು.

"ಏನವ್ವಾ?"

"ನೀನು ನಂಗೆ ಅವ್ವಾ ಅಂತೀಯಲ್ಲ... ನಾನೂ ನಿಂಗೆ ಅವ್ವಾ ಅನ್ಲಾ?"