ಕಣಕಾಲಿನ ಬೋಳು ಪಟ್ಟಿ

ಕೆಂಪು, ಹಸಿರು, ಮತ್ತೆ ಕೆಂಪು — ಸುಟ್ಟ ತೋಟಾಗಳ ಚಿಪ್ಪಿನೊಳಗೆ ಪುಟ್ಟ ಬಲ್ಬು ಸಿಕ್ಕಿಸಿ, ಸರ ಮಾಡಿ, ತನ್ನ ಬಂದೂಕಿನಂಗಡಿಯ ಕ್ರಿಸ್ಮಸ್ ಮರಕ್ಕೆ ಸುತ್ತಿದ್ದಾನೆ ಆರ್ವಿಲ್, ಪ್ರತಿ ಡಿಸೆಂಬರಿನಲ್ಲೂ ಇದೇ ಸರ, ಇದೇ ಪ್ಲಾಸ್ಟಿಕ್ ಮರ, ತುದಿಯಲ್ಲಿ ಇದೇ ಒಂಟಿ ರೆಕ್ಕೆಯ ದೇವದೂತ, ಇನ್ನೊಂದು ರೆಕ್ಕೆ ಎಲ್ಲಯ್ಯಾ ಅಂದರೆ, ಅವನೇನು ಹಾರ್ಬೇಕಾಗಿಲ್ವಲ್ಲಮ್ಮಾ, ನಿಂತಿದ್ರೆ ಸಾಕು ಅನ್ನುತ್ತಾನೆ — ದೀಪ ಮಿನುಗಿದಾಗಲೆಲ್ಲ ಗಾಜಿನ ಕೆಳಗೆ ಮಲಗಿರುವ ಪಿಸ್ತೂಲುಗಳ ಮೈಮೇಲೆ ಕೆಂಪು ಹರಿದು ಹೋಗುತ್ತದೆ, ಆಸ್ಪತ್ರೆಯ ಗೋಡೆಯ ಮೇಲೆ ಆಂಬುಲೆನ್ಸಿನ ದೀಪ ಹರಿದ ಹಾಗೆ, ಬೇಡ, ಅದು ಬೇಡ, ವರ್ಲೀನ್ ಕೈಗವಸು ಬಿಚ್ಚಿ ಕೋಟಿನ ಜೇಬಿಗೆ ತುರುಕಿದಳು, ಬಂದಿರುವುದು ಮಗಳಿಗೆ ಹಬ್ಬದ ಉಡುಗೊರೆ ಕೊಳ್ಳಲು, ಅಷ್ಟೇ, ಹೆಣ್ಣುಮಕ್ಕಳಿಗೆ ಸ್ವೆಟರ್ ಕೊಳ್ಳುವ ತಾಯಂದಿರಿದ್ದಾರೆ, ಸುಗಂಧದ ಬಾಟಲಿ ಕೊಳ್ಳುವವರಿದ್ದಾರೆ, ತನ್ನ ಕೋರಾ ಸೊಂಟಕ್ಕೆ ಸರ್ಕಾರದ ಪಿಸ್ತೂಲು ಕಟ್ಟಿಕೊಂಡು ಅಪ್ಪ ಗಸ್ತು ತಿರುಗಿದ ರಸ್ತೆಗಳಲ್ಲೇ ಡೆಪ್ಯುಟಿಯ ಪೊಲೀಸ್ ಗಾಡಿ ಓಡಿಸುತ್ತಾಳೆ, ಅವಳಿಗೆ ಬೇಕಾದದ್ದು ಎರಡನೆಯದು, ಚಿಕ್ಕದು, ಮೊದಲನೆಯದು ಕೈತಪ್ಪಿದಾಗ ಪ್ಯಾಂಟಿನ ಅಂಚು ಎತ್ತಿ ಕಣಕಾಲಿನಿಂದ ಕೀಳುವಂಥದು. ಏನಮ್ಮಾ ವರ್ಲೀನ್, ಎರೆಹುಳ ಬೇಕಿತ್ತಾ, ಈ ಚಳೀಲಿ ಯಾವ ಮೀನು ಕಚ್ಚುತ್ತೆ? ಫ್ರಿಜ್ಜಿನಲ್ಲಿ ಅವನ ಎರೆಹುಳದ ಡಬ್ಬಿಗಳು, ಪಕ್ಕದಲ್ಲೇ ಅವನ ಮಧ್ಯಾಹ್ನದ ಸ್ಯಾಂಡ್‌ವಿಚ್ಚು, ಈ ಮನುಷ್ಯನಿಗೆ ಹೇಸಿಗೆಯೇ ಇಲ್ಲ. ಹುಳ ಅಲ್ಲ ಆರ್ವಿಲ್, ಕೋರಾಗೆ ಕಾಲಿಗೆ ಕಟ್ಕೊಳ್ಳೋದು ಒಂದು ಬೇಕು, ಹಬ್ಬಕ್ಕೆ. ಅವನ ನಗು ನಿಂತಿತು, ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡ, ಅವಳ ಗಂಡ ಗಾರ್ಲೆಂಡನ ಹೆಸರು ಬರಬಹುದಾದ ಜಾಗಕ್ಕೆ ಮಾತು ಬಂದಾಗಲೆಲ್ಲ ಈ ಊರಿನ ಗಂಡಸರು ಹೀಗೇ ಮಾಡುತ್ತಾರೆ, ಶವಪೆಟ್ಟಿಗೆ ಇನ್ನೂ ರಸ್ತೆ ದಾಟುತ್ತಿದೆಯೋ ಎಂಬಂತೆ.

ಹಸಿರು ಬಟ್ಟೆ ಹಾಸಿದ, ಒಂದೊಂದಾಗಿ ಇಟ್ಟ, ಇಡುವ ಮುಂಚೆ ಪ್ರತಿಯೊಂದನ್ನೂ ತೆರೆದು, ಖಾಲಿ ಇದೆ ಎಂದು ತಾನು ನೋಡಿ, ಅವಳಿಗೆ ತೋರಿಸಿ, ಅವಳೂ ನೋಡಿದಳು, ನೋಡದೆ ಕೈಗೆ ತೆಗೆದುಕೊಂಡರೆ ಗಾರ್ಲೆಂಡ್ ಮಣಿಕಟ್ಟಿಗೆ ಪೆಟ್ಟು ಕೊಡುತ್ತಿದ್ದ, ಗುಂಡಿಲ್ಲ ಅಂತ ಯಾರು ಹೇಳಿದ್ರೂ ನಂಬ್ಬೇಡ ಕಣೇ, ನಾನು ಹೇಳಿದ್ರೂ ನಂಬ್ಬೇಡ — ಅದೊಂದು ನಿಜ ಹೇಳಿದ್ದೆಯಪ್ಪಾ, ನೀನು ಹೇಳಿದರೂ ನಂಬಬಾರದಿತ್ತು. ಇದು ನೋಡು ಅಂಗೈಯಷ್ಟೇ, ಹೆಂಗಸರು ಇದನ್ನೇ ಕೇಳ್ತಾರೆ, ಗಂಡಂದಿರೂ ಇದನ್ನೇ ಕೊಡಿಸ್ತಾರೆ, ಆಮೇಲೆ ಜನವರಿಲಿ ವಾಪಸ್ ತರ್ತಾರೆ, ಅಂದ ಆರ್ವಿಲ್. ಯಾಕೆ? ಚಿಕ್ಕದು ಅಂದ್ರೆ ಸಾಧು ಅಂದ್ಕೊಂಡಿರ್ತಾರೆ, ಒಂದ್ಸಲ ಹಾರಿಸಿದ್ರೆ ಗೊತ್ತಾಗುತ್ತೆ, ಮೈ ಇಲ್ಲದ್ದಕ್ಕೆ ಒದೆ ಜಾಸ್ತಿ, ಹೆಬ್ಬೆರಳು ಊದ್ಕೊಳ್ಳುತ್ತೆ. ಅವಳು ಅದರ ಮೇಲಿನ ಭಾಗವನ್ನು ಹಿಂದಕ್ಕೆ ಎಳೆಯಲು ನೋಡಿದಳು, ಆಗಲಿಲ್ಲ, ಅಡುಗೆಮನೆಯಲ್ಲಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗದಿದ್ದಾಗ ಗಾರ್ಲೆಂಡ್ ಹಿಂದಿನಿಂದ ಬಂದು ಎರಡೂ ಕೈ ಅವಳ ಕೈಗಳ ಮೇಲಿಟ್ಟು — ಆ ಕೈಗಳು, ಒಂದು ಕೈ ಬಗ್ಗಿ — ಬೇಡ. ಅಜ್ಜಿ ಅವರೆ ಸುಲಿಯುತ್ತಾ ಬೈಬಲಿನ ಕೀರ್ತನೆ ಹೇಳುತ್ತಿದ್ದಳು, ಪುಸ್ತಕ ಮುಟ್ಟದೆ, ಕಾಳು ಬಟ್ಟಲಿಗೆ ಬೀಳುವ ಸದ್ದಿಗೆ ಸರಿಯಾಗಿ, ಆ ಸಾಲುಗಳು ಇವಳ ಉಸಿರಿನೊಳಗೇ ಇವೆ, ಮನಸ್ಸು ಕಾಡಿದಾಗ ಮೊದಲ ಮಾತು ಎತ್ತಿಕೊಂಡರೆ ಉಳಿದದ್ದು ತಾನೇ ಬರುತ್ತಿತ್ತು, ಈಗ ಮೊದಲ ಮಾತು ಬರುತ್ತದೆ, ಆಮೇಲೆ ಬಟ್ಟಲು ಖಾಲಿ.

ಎಲ್ಲ ಶುರುವಾದದ್ದು ಹೋದ ತಿಂಗಳ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ, ಅಲ್ಲ, ಶುರುವಾದದ್ದು ಎಂದೋ, ಹೊರಗೆ ಬಿದ್ದದ್ದು ಅಂದು, ಟರ್ಕಿ ಕೋಳಿಯ ತೊಡೆ ಕೊಯ್ಯುತ್ತಾ ಕೋರಾ ತಲೆ ಎತ್ತದೆ ಅಂದಳು, ಅಮ್ಮ, ಸಾಕ್ಷಿ ಇಡೋ ಕೋಣೇಲಿ ಅಪ್ಪಂದು ಚಿಕ್ಕದು ಇಲ್ಲ. ಯಾವ ಚಿಕ್ಕದು ಕಣೇ? ಐದು ಗುಂಡಿಂದು, ನೀನು ಕ್ರಿಸ್ಮಸ್‌ಗೆ ಕೊಟ್ಟಿದ್ದು, ಆಫೀಸಿನವರು ಇಟ್ಕೊಂಡ್ರು ಅಂತ ನೀನೇ ಹೇಳಿದ್ದಲ್ವಾ, ಯಾವತ್ತೂ ಬಂದೇ ಇಲ್ವಂತೆ. ಹಳೇದು, ಎಲ್ಲೋ ಕಳ್ಕೊಂಡಿರ್ತಾರೆ. ಅಮ್ಮ, ಅಪ್ಪನ ಗಾಡಿಯ ಕ್ಯಾಮೆರಾದಲ್ಲಿ ಬಂದಿದ್ದು ನೋಡಿದೆ ನಾನು, ಕೆಲಸಕ್ಕೆ ಸೇರೋ ಹೊಸಬರಿಗೆ ತೋರಿಸ್ತಾರೆ, ನಂಗೆ ಬೇಡ ಅಂದ್ರು, ನಾನೇ ನೋಡ್ತೀನಿ ಅಂದೆ, ಅಪ್ಪನ್ನ ಕೊಂದ ಆ ಮನುಷ್ಯ ಅವರ ಸೊಂಟದ ಪಿಸ್ತೂಲು ಕಿತ್ಕೊಂಡಾಗ ಅಪ್ಪ ಚರಂಡೀಲಿ ಬಿದ್ದಿರ್ತಾರೆ, ಅವರ ಕೈ ಕಾಲಿಗೆ ಹೋಗುತ್ತೆ, ಪ್ಯಾಂಟು ಎತ್ತುತ್ತೆ, ಹುಡುಕುತ್ತೆ ಅಮ್ಮ, ಬರಿಗೈ ವಾಪಸ್ ಬರುತ್ತೆ. ಗ್ರೇವಿ ಆರ್ತಾ ಇದೆ, ತಿನ್ನು, ಅಂದಿದ್ದಳು ವರ್ಲೀನ್, ಅಷ್ಟೇ ಹೊಳೆದದ್ದು ಬಾಯಿಗೆ, ಗ್ರೇವಿ. ಕೋರಾ ಚಾಕು ಕೆಳಗಿಟ್ಟಳು, ಕ್ರಿಸ್ಮಸ್‌ಗೆ ನಂಗೆ ಬೇರೆ ಏನೂ ಬೇಡ, ಅದು ಎಲ್ಲಿದೆ ಅಂತ ಹೇಳು, ಸಾಕು, ಅಂದಳು, ಅಪ್ಪನ ದನಿಯಲ್ಲೇ, ತಪ್ಪಿತಸ್ಥರನ್ನು ಮಾತಾಡಿಸುವ ಆ ಮೆತ್ತನೆಯ ದನಿ. ಅದಕ್ಕೇ ಇಲ್ಲಿ ನಿಂತಿದ್ದೇನೆ, ಹೊಸದು, ಒಳ್ಳೆಯದು, ಹೊಳೆಯುವುದು, ರಿಬ್ಬನ್ ಕಟ್ಟಿ ಕೈಗಿಟ್ಟರೆ ಪ್ರಶ್ನೆಯ ಬಾಯಿಗೆ ಸಿಹಿ ಇಟ್ಟ ಹಾಗೆ, ಮಗಳ ಕಾಲು ಕಾಯುವುದಕ್ಕೋ ನನ್ನ ಮುಖ ಕಾಯುವುದಕ್ಕೋ, ದೇವರೇ, ನೀನು ಕೇಳಬೇಡ.

ಎಲ್ಲಿದೆ ಅಂದರೆ — ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಗಾಜಿನ ಬೇಕಿಂಗ್ ತಟ್ಟೆಯಲ್ಲಿದೆ, ಇನ್ನೊಬ್ಬಳ ತಟ್ಟೆಯಲ್ಲಿ. ಗಾರ್ಲೆಂಡನ ಸಮಾಧಿಯಾದ ದಿನ ಚರ್ಚಿನ ಇಡೀ ಸಭೆಯ ಹೆಂಗಸರು ಬಿಸಿ ತಟ್ಟೆ ಹಿಡಿದು ಸಾಲುಗಟ್ಟಿದ್ದರು, ಆಲೂಗಡ್ಡೆ, ಮ್ಯಾಕರೋನಿ, ಬೀನ್ಸು, ತಟ್ಟೆಯ ತಳಕ್ಕೆ ಹೆಸರು ಬರೆದ ಟೇಪು, ತಿಂದು ತೊಳೆದು ಅವರವರದನ್ನು ಅವರವರಿಗೆ ಮುಟ್ಟಿಸಬೇಕು, ಶೋಕದಲ್ಲಿದ್ದವಳಿಗೂ ಅದರಿಂದ ಬಿಡುಗಡೆ ಇಲ್ಲ — ಎಲ್ಲರೂ ಹೋದ ಮೇಲೆ ಹಿಂಬಾಗಿಲಿಗೆ ಟ್ವೈಲಾ ಬಂದಳು, ಶಾಲೆಯ ಊಟದ ಕೋಣೆಯಲ್ಲಿ ಬಡಿಸುವವಳು, ಅವಳು ಬಿಟ್ಟ ಗಂಡ ಬಂದು ಬಾಗಿಲು ಮುರಿದಾಗಲೆಲ್ಲ ಗಾರ್ಲೆಂಡನೇ ಹೋಗುತ್ತಿದ್ದ, ಎಲ್ಲರಿಗೂ ಗೊತ್ತಿತ್ತು, ಕೆಲಸ ತಾನೇ. ಅವಳ ಕೈಯಲ್ಲಿ ಅಲ್ಯೂಮಿನಿಯಂ ಹಾಳೆ ಮುಚ್ಚಿದ ತಟ್ಟೆ, ಬಿಸಿ ಇದ್ಯಾ, ಕೆಳಗೆ ಬಟ್ಟೆ ಕೊಡ್ಲಾ ಅಂದೆ, ಇಲ್ಲಮ್ಮಾ, ತಣ್ಣಗಿದೆ, ಅಂದಳು. ಹಾಳೆ ಎತ್ತಿದರೆ ಟವೆಲಿನ ಮೇಲೆ ನನ್ನ ಐದು ಗುಂಡಿನದು, ಹಿಡಿಯ ಮೇಲೆ ನಾನು ಕೆತ್ತಿಸಿದ ಅವನ ಹೆಸರಿನ ಮೊದಲಕ್ಷರ. ವಸಂತಕಾಲದಲ್ಲಿ ಕೊಟ್ಟಿದ್ರು, ನಿನ್ನ ಗಂಡ ಜೈಲಿಗೆ ಹೋಗೋವರೆಗೆ ಇರ್ಲಿ, ನಿಂಗೇ ಜಾಸ್ತಿ ಬೇಕು ಅಂದ್ರು, ನಾನು ಬೇಡ ಅಂದೆ, ನಿಜವಾಗ್ಲೂ ಬೇಡ ಅಂದೆ. ಅವಳ ಗಲ್ಲದಲ್ಲಿ ಹಳದಿ ತಿರುಗಿದ ಹಳೆಯ ಪೆಟ್ಟಿನ ಗುರುತು. ಕೇಳಬಹುದಿತ್ತು, ಅಷ್ಟೇನಾ, ಅಂತ ಒಂದು ಮಾತು, ಕೇಳಲಿಲ್ಲ, ಬಾಗಿಲು ಹಾಕಿದೆ. ಬರೀ ಕನಿಕರವೇ ಆಗಿದ್ದರೂ ನನ್ನಿಂದ ಮುಚ್ಚಿಟ್ಟದ್ದೇಕೆ, ಕನಿಕರ ಅಲ್ಲದಿದ್ದರೆ ನನ್ನ ಉಡುಗೊರೆಯನ್ನೇ ಕೊಟ್ಟದ್ದೇಕೆ, ಅಂಗಡಿಯಲ್ಲಿ ಬೇರೆ ಇರಲಿಲ್ಲವೇ — ಎರಡರಲ್ಲಿ ಯಾವುದು ಹೆಚ್ಚು ಕಹಿ ಎಂದು ಇಂದಿಗೂ ನಾಲಿಗೆಗೆ ತಿಳಿದಿಲ್ಲ. ಟ್ವೈಲಾ ಊರು ಬಿಡಲಿಲ್ಲ, ಭಾನುವಾರ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ, ತಟ್ಟೆ ಕೇಳಿಲ್ಲ, ನಾನು ಕೊಟ್ಟಿಲ್ಲ, ಇಡೀ ಸಭೆಯಲ್ಲಿ ವಾಪಸು ಹೋಗದ ತಟ್ಟೆ ಅದೊಂದೇ.

ಆದರೆ ಹಾಳೆ ಎತ್ತುವ ಮುಂಚೆಯೇ ಗೊತ್ತಿತ್ತು, ಅದು ಕೋರಾಗೆ ಹೇಗೆ ಹೇಳುವುದು, ಆಸ್ಪತ್ರೆಯಲ್ಲಿ ಹೊದಿಕೆ ಗಿಡ್ಡ, ಅವನು ಉದ್ದ, ಕಾಲು ಹೊರಗಿತ್ತು. ವರ್ಷಗಟ್ಟಲೆ ಪಿಸ್ತೂಲಿನ ಒರೆಯ ಪಟ್ಟಿ ಉಜ್ಜಿ ಉಜ್ಜಿ ಆ ಕಣಕಾಲಿನ ಸುತ್ತ ಕೂದಲೇ ಇಲ್ಲದ ಬೋಳು ಪಟ್ಟಿ, ಮಗುವಿನ ಮೈಯ ಹಾಗೆ ನುಣ್ಣಗೆ, ಹಾಸಿಗೆಯಲ್ಲಿ ನನ್ನ ಕಾಲಿನ ಬೆರಳು ಅದನ್ನು ಹುಡುಕಿಕೊಂಡು ಹೋಗುತ್ತಿತ್ತು, ಇದು ನಂದು, ನಾನು ಕೊಟ್ಟಿದ್ದು ಮಾಡಿದ ಗುರುತು ಎಂದು — ಅಂದು ನೋಡಿದರೆ ಪಟ್ಟಿ ಇಲ್ಲ, ಕೂದಲು ಬೆಳೆದಿತ್ತು. ಒಂದು ಬೇಸಿಗೆ ಪೂರ್ತಿ ಪಕ್ಕದಲ್ಲಿ ಮಲಗಿಯೂ ನನ್ನ ಕಾಲಿನ ಬೆರಳಿಗೆ ತಿಳಿಯಲಿಲ್ಲ, ಯಾಕೆಂದರೆ ಆ ಬೇಸಿಗೆ ಅದು ಹುಡುಕಿಕೊಂಡು ಹೋಗಲೇ ಇಲ್ಲ.

ಗಾರ್ಲೆಂಡ್‌ದು ಏನಾಯ್ತಮ್ಮಾ, ಆರ್ವಿಲ್ ಕೇಳುತ್ತಿದ್ದಾನೆ, ಬಟ್ಟೆಯ ಅಂಚು ನೇರ ಮಾಡುತ್ತಾ, ಇಲ್ಲಿಂದಾನೇ ತಗೊಂಡೋಗಿದ್ಯಲ್ಲ, ಅಂಥದು ಈಗ ಬರಲ್ಲ. ಇದೆ, ಅಂದಳು, ಅಂದದ್ದು ತಾನೇನಾ ಎಂದು ಅವಳೇ ತಿರುಗಿ ನೋಡುವ ಹಾಗೆ. ಇದ್ರೆ ಮತ್ತೆ ಇದ್ಯಾಕೆ, ಅಪ್ಪಂದನ್ನೇ ಕೊಡು, ಒಳ್ಳೇ ಒರೆ ಒಂದು ತಗೊಂಡೋಗು, ಮೆತ್ತನೇದು, ಕಾಲು ಉಜ್ಜಬಾರ್ದು, ಉಜ್ಜಿದ್ರೆ ಬಿಚ್ಚಿಡ್ತಾರೆ, ಹತ್ತು ಜನಕ್ಕೆ ಮಾರಿದ್ರೆ ಒಂಬತ್ತು ಜನ ಮೇಜಿನ ಡ್ರಾಯರಿಗೆ ಹಾಕಿ ಮರೀತಾರೆ, ದಿನಾ ಕಟ್ಕೊಳ್ತಿದ್ದೋನು ನಿನ್ನ ಗಂಡ ಒಬ್ನೇ ನೋಡು. ನಗು ಬಂತು ಅವಳಿಗೆ, ಗಂಟಲಿನಲ್ಲಿ ಮೂಳೆ ಸಿಕ್ಕಿದಂಥ ನಗು, ಹೌದು ಆರ್ವಿಲ್, ಒಬ್ನೇ. ಕೊಡಬೇಕು, ರಿಬ್ಬನ್ ಇಲ್ಲದೆ, ತಟ್ಟೆಯಿಂದ ಎತ್ತಿ, ಯಾರ ತಟ್ಟೆ ಅಂದರೆ ಯಾರದ್ದೆಂದು ಹೇಳಿ, ಖಾಲಿ ತಟ್ಟೆ ತೊಳೆದು ಭಾನುವಾರ ಹಿಂದಿನ ಬೆಂಚಿಗೆ ಒಯ್ದು, ಮಗಳು ಆಮೇಲೆ ಅಪ್ಪನನ್ನು ಏನೆಂದುಕೊಳ್ಳುತ್ತಾಳೋ, ನನ್ನನ್ನು ಏನೆಂದುಕೊಳ್ಳುತ್ತಾಳೋ, ಅಂದುಕೊಳ್ಳಲಿ, ಅವಳ ಕೈ ಕೆಳಗೆ ಹೋದ ದಿನ ಅಲ್ಲಿ ಏನಾದರೂ ಇರಲಿ. ಈ ಒರೆ ಕಟ್ಟಿ ನೋಡಮ್ಮಾ, ಕೋರಾಂದೂ ನಿನ್ನಷ್ಟೇ ಕಾಲು. ಸ್ಟೂಲಿನ ಮೇಲೆ ಕಾಲಿಟ್ಟು ಕಾಲುಚೀಲದ ಮೇಲೇ ಸುತ್ತಿದಳು, ಬಿಗಿದಳು, ಎರಡು ಹೆಜ್ಜೆ ನಡೆದಳು, ಉಜ್ಜುವುದಿಲ್ಲ, ಇದನ್ನೇ ಕಟ್ಕೊಡು, ಹಳೇ ಪೇಪರಲ್ಲಿ ಸಾಕು, ಎಂದು ಬಿಚ್ಚಲು ಬಗ್ಗಿದಳು, ಮರದ ಕೆಂಪು ಅವಳ ಬೆನ್ನಿನ ಮೇಲೆ ಹರಿದು ಹಸಿರಾಯಿತು, ಪ್ಯಾಂಟಿನ ಅಂಚು ಎತ್ತಿದಳು, ಅಜ್ಜಿಯ ಕೀರ್ತನೆಯ ಮೊದಲ ಮಾತು ತುಟಿಗೆ ಬಂತು, ಕೈ ಕೆಳಗೆ ಹೋಯಿತು, ಕಣಕಾಲು ಮುಟ್ಟಿತು — ಅವನ ಆ ಕೈ, ಚರಂಡಿಯಲ್ಲಿ, ಪ್ಯಾಂಟಿನ ಅಂಚು ಎತ್ತಿದ ಆ ಕೈ, ಬೆರಳಿನ ಕೆಳಗೆ ಹೊಸದಾಗಿ ಬೆಳೆದ ಕೂದಲು, ಆ ಕೈ, ಕೂದಲು, ಆ ಕೈ —