ಗಾರ್ಸಾಳ ಎರಡನೇ ಮರಿ

"ಲೇ ನಿಕಾ ನನ್ಮಗನೆ, ಅದೇನ್ ಕುದುರೆ ಕಾಲೋ ನಿನ್ ಹೆಂಡ್ತಿ ಕಾಲೋ? ಸವರ್ತಾ ಕೂತಿದೀಯಲ್ಲ, ಹೊಡಿಯೋ ಲಾಳಾನ!"

ಧಣಿ ಬೇಲಿಯ ಕೆಳಗಿನ ಹಲಗೆಯ ಮೇಲೆ ಒಂದು ಕಾಲಿಟ್ಟು ನಿಂತಿದ್ದ. ನನ್ನ ತಮ್ಮ ನಿಕಾನೋರ್ ತಲೆ ಎತ್ತಲಿಲ್ಲ. ಗಾರ್ಸಾ ಎಂಬ ಹೆಣ್ಣು ಕುದುರೆಯ ಮುಂಗಾಲನ್ನು ತೊಡೆಸಂದಿಯಲ್ಲಿ ಹಿಡಿದು ಗೊರಸಿಗೆ ಅರ ಉಜ್ಜುತ್ತಿದ್ದವನು ಉಜ್ಜುತ್ತಲೇ ಇದ್ದ. ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದರಿಂದ ಮಾತಾಡದೆ ಇರಲು ಒಂದು ನೆವ ಸಿಕ್ಕಿತ್ತು.

ಮಳೆ ನಿಂತು ತಿಂಗಳಾಗಿತ್ತು. ಗ್ವಾನಕಾಸ್ತೆಯ ಬಯಲಿಗೆ ಬಡಗಣ ಗಾಳಿ ಇಳಿದು ಹುಲ್ಲು ತುದಿಯಿಂದ ಬುಡಕ್ಕೆ ಒಣಗುತ್ತ ಬರುತ್ತಿತ್ತು. ಈ ಗಾಳಿಯ ಹಿಂದೆಯೇ ಪರದೇಶದ ಪ್ರವಾಸಿಗಳು ಬರುತ್ತಾರೆ. ಆರು ದಿನ ಕುದುರೆಯ ಮೇಲೆ ಬೆಟ್ಟ ಹತ್ತಿಸಿ, ಆಚೆ ಕಡೆ ಇಳಿಸಿ, ಕಡಲು ಮುಟ್ಟಿಸುವುದು ನಮ್ಮ ಕೆಲಸ. ಹಿಂದೆ ಇದೇ ಜಮೀನಿನಲ್ಲಿ ದನ ಮೇಯುತ್ತಿದ್ದವು. ಈಗ ದನದಷ್ಟೇ ಜೋಪಾನವಾಗಿ ಧಣಿ ಪ್ರವಾಸಿಗಳನ್ನು ಸಾಕುತ್ತಾನೆ. ನಿಕಾನೋರ್ ಕುದುರೆ ನೋಡಿಕೊಳ್ಳುವವನು, ನಾನು ಅಡುಗೆಯವಳು. ಇಬ್ಬರೂ ಗಡಿಯಾಚೆಯ ನಿಕರಾಗುವಾದವರು, ಇಲ್ಲಿಯವರ ಬೈಗುಳದಲ್ಲಿ 'ನಿಕಾ'ಗಳು. ಇಬ್ಬರ ಹತ್ತಿರವೂ ಕಾಗದಪತ್ರ ಇಲ್ಲ.

ಆ ದಿನ ಹನ್ನೊಂದು ಕುದುರೆಗೆ ಲಾಳ ಆಗಿತ್ತು. ಹನ್ನೆರಡನೆಯದು ಭಾರದ ಜನಕ್ಕೆಂದು ಇಟ್ಟಿದ್ದ ಕಂದು ಬಣ್ಣದ, ಬೀಜ ಒಡೆದ ಗಂಡು ಕುದುರೆ. ಅದು ಬೆಳಗ್ಗೆ ಕಾಲು ಕುಂಟುತ್ತ ಎದ್ದಿತ್ತು. ಅದರ ಬದಲಿಗೆ ಧಣಿಯ ಕಣ್ಣು ಗಾರ್ಸಾಳ ಮೇಲೆ ಬಿತ್ತು. ಗಾರ್ಸಾ ಅಂದರೆ ಕೊಕ್ಕರೆ, ಅದೇ ಬಣ್ಣದ ಕುದುರೆ ಅದು. ನೀರು ತುಂಬಿದ ಬಟ್ಟಲನ್ನು ಬೆನ್ನ ಮೇಲಿಟ್ಟರೂ ಚೆಲ್ಲದ ಹಾಗೆ ನಡೆಯುತ್ತಿತ್ತು. ಆ ನಡಿಗೆ ಕಲಿಸಿದವನು ನನ್ನ ತಮ್ಮನೇ.

ನಿಕಾನೋರ್ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡ. "ಧಣೀ, ಇವ್ಳಿಗೆ ಒಂಬತ್ತು ತಿಂಗ್ಳು ತುಂಬ್ತಾ ಐತೆ, ಈಯಕ್ಕೆ ಇನ್ನೆರಡೇ ತಿಂಗ್ಳು. ಲಾಳ ಹೊಡಿತೀನಿ. ಬೆಟ್ಟ ಮಾತ್ರ ಬ್ಯಾಡ. ಜೀನಿನ ಹೊಟ್ಟೆಪಟ್ಟಿ ಬಿಗಿದ್ರೆ ತಡಿಯಲ್ಲ."

"ಗಬ್ಬದೋಳು ಬೆಟ್ಟ ಹತ್ತಲ್ವಾ? ನಿಮ್ಮ ಹೆಂಗಸ್ರು ಗಬ್ಬ ಹೊತ್ಕಂಡೇ ಬೇಲಿ ನುಸುಳಿ ಈ ದೇಶಕ್ ಬಂದವ್ರಲ್ವೇನೋ?" ಧಣಿ ನನ್ನ ಕಡೆ ನೋಡಿ ನಕ್ಕ. "ಏನಮ್ಮಾ ಒಟಿಲಿಯಾ, ಸುಳ್ಳಾ?"

ನಾನು ಹಾಗೆಯೇ ಬಂದವಳು. ಆ ಮಗು ಉಳಿಯಲಿಲ್ಲ. ಹುರುಳಿಕಾಯಿ ಬೀಜ ಆರಿಸುತ್ತಿದ್ದವಳು ಮೊರ ಕೊಡವಿಕೊಂಡು ಒಳಗೆ ಹೋದೆ.

ಗಾರ್ಸಾಳ ಹೊಟ್ಟೆಯಲ್ಲಿದ್ದದ್ದು ನನ್ನ ತಮ್ಮನ ಮರಿ. ಹೀಗೆಂದರೆ ಪೇಟೆಯವರಿಗೆ ನಗು ಬರುತ್ತದೆ. ಈ ಸೀಮೆಯಲ್ಲಿ ದನ ಕುದುರೆಗಳನ್ನು ಪಾಲಿಗೆ ಸಾಕುವುದುಂಟು. ಒಡೆಯನ ಪ್ರಾಣಿ, ಸಾಕುವವನ ಮೈದುಡಿಮೆ. ಮೊದಲ ಮರಿ ಒಡೆಯನಿಗೆ, ಎರಡನೆಯದು ಸಾಕಿದವನಿಗೆ, ಮೂರನೆಯದು ಮತ್ತೆ ಒಡೆಯನಿಗೆ. ಕಾಗದವಿಲ್ಲ, ಸಾಕ್ಷಿಯಿಲ್ಲ. ಇಬ್ಬರೂ ಒಂದೇ ಹಗ್ಗ ಹಿಡಿದು ಮಾತು ಕೊಡುತ್ತಾರೆ, ಅಷ್ಟೆ. ಏಳು ವರ್ಷದ ಕೆಳಗೆ ಗಾರ್ಸಾ ಹುಟ್ಟಿದಾಗ ಹೊಕ್ಕುಳು ಕೀವಾಗಿ ಎದ್ದು ನಿಲ್ಲುವ ಹಾಗಿರಲಿಲ್ಲ. ಧಣಿ ಬಂದೂಕು ತರಿಸಿದ್ದ. ನಿಕಾನೋರ್ ನಡುವೆ ಹೋಗಿ ನಿಂತು, "ಪಾಲಿಗೆ ಕೊಡಿ ಧಣೀ, ಉಳಸ್ತೀನಿ" ಅಂದ. ಧಣಿಗೆ ಒಂದು ಗುಂಡು ಉಳಿಯಿತು. ತಮ್ಮ ನಲವತ್ತು ದಿನ ಅದರ ಪಕ್ಕ ಮಲಗಿ, ಬೆರಳು ಚೀಪಿಸಿ ಹಾಲು ಕುಡಿಸಿದ. ಬದುಕಿತು. ಬೆಳೆಯಿತು. ಮೊದಲ ಮರಿ ಹೋದ ವರ್ಷವೇ ಕಡಲ ಕಡೆಯ ಯಾವನದೋ ಟ್ರಕ್ಕು ಹತ್ತಿ ಹೋಯಿತು. ನಿಕಾನೋರ್ ಬೇಸರಪಡಲಿಲ್ಲ. "ಅದು ಅವರ್ದು ಕಣಕ್ಕಾ, ಮುಂದಿನ್ದು ನಂದು" ಅಂದ.

ಮೂವತ್ತು ವರ್ಷ ಕುದುರೆ ಬೆನ್ನ ಮೇಲೆ ಬದುಕಿದವನು ಅವನು. ತನ್ನದು ಅಂತ ಒಂದು ಬಾಲದ ಕೂದಲೂ ಇರಲಿಲ್ಲ. ಸ್ವಂತ ಕುದುರೆ ಇರುವವನನ್ನು ಇಲ್ಲಿ ಯಾರೂ 'ಲೇ' ಅನ್ನುವುದಿಲ್ಲ. ಗಂಡಾದರೆ ಏನು, ಹೆಣ್ಣಾದರೆ ಏನು ಅಂತ ಅವನು ದಿನಕ್ಕೊಂದು ಹೆಸರು ಹೇಳುತ್ತಿದ್ದ. ನಾನು ರೊಟ್ಟಿ ತಟ್ಟುತ್ತ ಬೇಡ ಅನ್ನುತ್ತಿದ್ದೆ.

ಹೊರಡುವ ಬೆಳಗ್ಗೆ ಗಾರ್ಸಾಳ ಮೇಲೆ ಕೂರಬೇಕಾದ ಮನುಷ್ಯ ಬಂದ. ಬಾಗಿಲು ತುಂಬುವಂಥ ಆಳು, ಕೆಂಪು ಕುತ್ತಿಗೆ, ಮಗುವಿನಂಥ ಮುಖ. ಕೆಟ್ಟವನಲ್ಲ. ಅವನಿಗೆ ನಾನು ದೊಡ್ಡಯ್ಯ ಅಂತ ಹೆಸರಿಟ್ಟೆ. ಅವನು ಗಾರ್ಸಾಳ ಹೊಟ್ಟೆ ನೋಡಿ ಕೈಯಲ್ಲಿ ದುಂಡಗೆ ತೋರಿಸಿ ಧಣಿಯನ್ನು ಏನೋ ಕೇಳಿದ. ಧಣಿ ತನ್ನ ಹೊಟ್ಟೆಯನ್ನೇ ತಟ್ಟಿ ತೋರಿಸಿ, ಹುಲ್ಲು ಜಾಸ್ತಿ ತಿಂದಿದೆ ಅನ್ನುವ ಹಾಗೆ ಬಾಯಿ ಆಡಿಸಿದ. ಪ್ರವಾಸಿಗಳೆಲ್ಲ ನಕ್ಕರು. ದೊಡ್ಡಯ್ಯ ಗಾರ್ಸಾಳ ಕುತ್ತಿಗೆ ತಟ್ಟಿ ಬಾಳೆಹಣ್ಣು ತಿನ್ನಿಸಿದ.

ನಿಕಾನೋರ್ ಹೊಟ್ಟೆಪಟ್ಟಿಯನ್ನು ಎರಡು ತೂತು ಸಡಿಲ ಬಿಟ್ಟಿದ್ದ. ಧಣಿ ಅದಕ್ಕೆ ಬೆರಳು ತೂರಿಸಿ ನೋಡಿದ.

"ಜೀನು ಜಾರಿ ಆಯಪ್ಪ ಬಿದ್ರೆ ನಿಮ್ಮಪ್ಪ ಬತ್ತಾನಾ ಎತ್ತಕೆ?" ಮೊಣಕಾಲನ್ನು ಗಾರ್ಸಾಳ ಪಕ್ಕೆಗೆ ಒತ್ತಿ ಎರಡೂ ತೂತು ಎಳೆದು ಬಿಗಿದ. ಗಾರ್ಸಾ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. "ಅಷ್ಟು ಅಕ್ಕರೆ ಇದ್ರೆ ನೀನೇ ಹಗ್ಗ ಹಿಡ್ಕಂಡ್ ನಡಿ. ನಿಂಗೆ ಕುದುರೆ ಇಲ್ಲ ಈ ಸಲ."

ನಡೆದ. ಎರಡು ದಿನ ಬಯಲು, ಕಬ್ಬಿನ ಗದ್ದೆ, ಹೊಳೆ. ಎಲ್ಲರೂ ಕುದುರೆಯ ಮೇಲೆ, ನಾನು ಪಾತ್ರೆಗಳ ಜೊತೆ ಹೇಸರಗತ್ತೆಯ ಮೇಲೆ, ಅವನೊಬ್ಬ ಗಾರ್ಸಾಳ ಮೂಗಿನ ಪಕ್ಕ ನೆಲದ ಮೇಲೆ. ನಿಂತಲ್ಲೆಲ್ಲ ಅದರ ಕೆಚ್ಚಲು ಮುಟ್ಟಿ ನೋಡುತ್ತಿದ್ದ.

"ಹೆಂಗೈತೋ?"

"ಒಳಗಡೆ ಒದಿತಾ ಐತೆ ಕಣಕ್ಕಾ. ಗಟ್ಟಿ ಜೀವ."

ಮೂರನೆಯ ದಿನ ಏರು. ಕಾಲುದಾರಿಯೆಲ್ಲ ಉರುಳುಗಲ್ಲು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಮರಿ. ಹೊತ್ತು ನೆತ್ತಿಗೆ ಬಂದಿತ್ತು. ಅರ್ಧ ಏರಿನಲ್ಲಿ ಗಾರ್ಸಾ ನಿಂತುಬಿಟ್ಟಿತು. ನಾಲ್ಕೂ ಕಾಲು ಅಗಲಿಸಿ, ಕಿವಿ ಹಿಂದಕ್ಕೆ ಮಡಚಿ, ಮೈಯೆಲ್ಲ ಸೋಪಿನಂಥ ಬೆವರು ನೊರೆ. ದೊಡ್ಡಯ್ಯ ಇಳಿಯಲು ಕಾಲೆತ್ತಿದ.

"ನೋ ನೋ!" ಧಣಿ ಮೇಲಿನಿಂದ ಕೂಗಿ, ಅವನಿಗೆ ಏನೇನೋ ನಯವಾಗಿ ಹೇಳಿ ಕೂರಿಸಿದ. ಆಮೇಲೆ ಇಳಿದು ಬಂದು ಬಾರುಕೋಲಿಂದ ಗಾರ್ಸಾಳ ತೊಡೆಗೆ ನಾಲ್ಕು ಬಿಟ್ಟ. ಅದು ಕದಲಲಿಲ್ಲ. ಹಿಂದೆ ಆರು ಕುದುರೆ ಸಾಲುಗಟ್ಟಿ ನಿಂತಿದ್ದವು. ಒಬ್ಬ ಹೆಂಗಸು ಕಮರಿ ನೋಡಿ ಅಳಲು ಶುರುಮಾಡಿದಳು.

"ಕರಿಯೋ ಅದನ್ನ," ಅಂದ ಧಣಿ.

ನಿಕಾನೋರ್ ಹಗ್ಗವನ್ನು ಕೈಗೆ ಸುತ್ತಿಕೊಂಡ. ಗಾರ್ಸಾಳನ್ನು ಕರೆಯಲು ಅವನದೊಂದು ಸದ್ದಿತ್ತು, ನಾಲಿಗೆಯನ್ನು ಅಂಗುಳಿಗೆ ಒತ್ತಿ ಮಾಡುವಂಥದ್ದು. ಗಾರ್ಸಾ ಮರಿಯಾಗಿದ್ದಾಗ ಹಾಲಿಗೆ ಕರೆಯುತ್ತಿದ್ದ ಸದ್ದು. ಅದು ಕೇಳಿದರೆ ಗಾರ್ಸಾ ಎಲ್ಲಿದ್ದರೂ ಬರುತ್ತಿತ್ತು.

"ಕಿವುಡಾ? ನೀನ್ ಕರುದ್ರೆ ಬತ್ತದೆ, ಗೊತ್ತು ನಂಗೆ. ಕರಿ."

"ಆಗಲ್ಲ ಧಣೀ. ಆಯಪ್ಪನ್ನ ಇಳುಸ್ರಿ. ಬೇಕಾದ್ರೆ ನಾನು ಹೊತ್ಕಂಡ್ ಹತ್ತಿಸ್ತೀನಿ."

ಧಣಿ ಜೇಬಿನಿಂದ ಫೋನು ತೆಗೆದ. "ಗಡಿ ಪೊಲೀಸ್ರಿಗೆ ಒಂದ್ ಮಾತು ಸಾಕು. ನಿನ್ನೊಬ್ಬನ್ನೇ ಅಲ್ಲ, ನಿಮ್ಮಕ್ಕನ್ನೂ ತುಂಬ್ಕಂಡ್ ಹೋಯ್ತಾರೆ."

ನಿಕಾನೋರ್ ನನ್ನ ಕಡೆ ತಿರುಗಿದ. ಅವನು ಏನು ಕೇಳುತ್ತಿದ್ದಾನೆಂದು ನನಗೆ ಗೊತ್ತಿತ್ತು. ಬೇಡ ಅಂತ ನಾನೊಂದು ಮಾತು ಅಂದಿದ್ದರೆ ಅವನು ಅಲ್ಲೇ ಹಗ್ಗ ಬಿಸಾಡುತ್ತಿದ್ದ. ಗಡಿಯಾಚೆ ನಮಗೆ ಮನೆಯಿಲ್ಲ, ನೆಲವಿಲ್ಲ, ಹೂಳಿದ ನೆಂಟರ ಹೊರತು ಯಾರೂ ಇಲ್ಲ. ನನ್ನ ಬಾಯಿಂದ ಬಂದದ್ದು ಇದು:

"ಕರಿಯೋ ತಮ್ಮಾ."

ಅವನು ಹತ್ತು ಮಾರು ಮೇಲೆ ಹತ್ತಿ ಹೋಗಿ, ಬೆನ್ನು ತಿರುಗಿಸಿ ನಿಂತು, ಕರೆದ. ಗಾರ್ಸಾ ಕಿವಿ ನಿಮಿರಿಸಿತು. ಒಂದು ಸಲ ನರಳಿ, ಮುಂಗಾಲು ಕಲ್ಲಿನ ಮೇಲೆ ಜಾರಿ ಮಂಡಿ ಬಿದ್ದು, ಎದ್ದು, ಅಷ್ಟೂ ಭಾರ ಹೊತ್ತು ಅವನ ಹಿಂದೆ ಹತ್ತಿತು. ತುದಿಯ ತನಕ ಅವನು ಕರೆಯುತ್ತಲೇ ಇದ್ದ, ಅದು ಬರುತ್ತಲೇ ಇತ್ತು. ಮೇಲೆ ಪ್ರವಾಸಿಗಳು ಚಪ್ಪಾಳೆ ತಟ್ಟಿದರು.

ಬೆಟ್ಟದ ಮೇಲಿನ ಹಳೆಯ ದೊಡ್ಡಿಯಲ್ಲಿ ನಮ್ಮ ಬೀಡು. ಹೊತ್ತು ಇಳಿಯುವ ಮೊದಲೇ ಗಾರ್ಸಾ ಮಲಗಿತು. ನಾನು ಅನ್ನಕ್ಕೆ ಎಸರಿಟ್ಟಿದ್ದೆ. ನಿಕಾನೋರ್ "ಅಕ್ಕಾ" ಅಂದದ್ದು ಕೇಳಿ ಓಡಿದೆ. ಹೆಚ್ಚು ಹೊತ್ತು ಹಿಡಿಯಲಿಲ್ಲ. ದಿನ ತುಂಬುವ ಮೊದಲೇ ಗಾರ್ಸಾ ಕಂದು ಹಾಕಿತು.

ಹೆಣ್ಣು ಮರಿ. ಕಪ್ಪಗಿತ್ತು. ರೆಪ್ಪೆಗೂದಲು ಬಂದಿತ್ತು, ಗೊರಸಿನ ಮೇಲೆ ಇನ್ನೂ ಹಳದಿ ಮೆತ್ತನೆ ಪದರ ಇತ್ತು. ನಿಕಾನೋರ್ ಅದರ ಮೂಗಿನ ಲೋಳೆಯನ್ನು ಬಾಯಿಂದ ಎಳೆದು ಉಗುಳಿದ. ಉಸಿರು ಊದಿದ. ಹುಲ್ಲಿನಿಂದ ಎದೆ ತಿಕ್ಕಿದ. ನಾನು ಅವನ ಹೆಗಲು ಹಿಡಿದು "ಸಾಕು ಬುಡೋ" ಅನ್ನುವ ತನಕ ತಿಕ್ಕಿದ. ಗಾರ್ಸಾ ಕುತ್ತಿಗೆ ಚಾಚಿ ಮರಿಯನ್ನು ನೆಕ್ಕುತ್ತಲೇ ಇತ್ತು.

ಧಣಿ ಬಂದು ನೋಡಿ ಟೋಪಿ ಹಿಂದಕ್ಕೆ ಸರಿಸಿದ. ಒಂದು ಗಳಿಗೆ ಅವನ ಮುಖವೂ ಇಳಿಯಿತು ಅನ್ನಿಸಿತು. ಆಮೇಲೆ ಹೇಳಿದ:

"ಅತಿಥಿಗಳು ಸ್ನಾನಕ್ಕೆ ಹೋಗವ್ರೆ. ಅವ್ರು ಬರೋದ್ರೊಳಗೆ ಕಮರಿಗೆ ಎಸೆದುಬುಡು."

ನಿಕಾನೋರ್ ತಲೆ ಎತ್ತಿ ಧಣಿಯ ಮುಖ ನೋಡಿದ.

"ಏನು ನೋಡ್ತೀಯಾ? ಎರಡನೇದು ನಿಂದು ಅಂತ ತಾನೆ ಮಾತು? ನಿಂದು ನಿಂಗೆ ಬಂತು. ನಿನ್ನ ಪಾಲು ಸತ್ತೋದ್ರೆ ನಾನೇನ್ ಮಾಡ್ಲಿ? ಲೆಕ್ಕ ತೀರ್ತು. ಇನ್ ಮುಂದಿನದು ನಂದು." ಹೋಗುತ್ತ ತಿರುಗಿದ. "ಬೆಳಿಗ್ಗೆ ಅದಕ್ಕೆ ಜೀನು ಹಾಕು. ನಾಳೆ ಬರೀ ಇಳಿಜಾರು, ಕಷ್ಟ ಇಲ್ಲ."

ತಮ್ಮ ಆಗಲಿ ಅಂದ. ನನಗೆ ಹೆದರಿಕೆಯಾದದ್ದು ಆಗ.

ಬೆಳಗ್ಗೆ ಹೊತ್ತಿಗೆ ಸರಿಯಾಗಿ ಉಳಿದೆಲ್ಲ ಕುದುರೆಗಳಿಗೂ ಜೀನಾಗಿತ್ತು. ಪ್ರವಾಸಿಗಳು ಹತ್ತಿದರು. ದೊಡ್ಡಯ್ಯನಿಗೆ ನಿಕಾನೋರ್ ಇನ್ನೊಂದು ಗಂಡು ಕುದುರೆ ತಂದು ನಿಲ್ಲಿಸಿದ. ಅದು ಸಾಮಾನು ಹೊರುವ ಕುದುರೆ, ಸಾಮಾನೆಲ್ಲ ದೊಡ್ಡಿಯ ಗೋಡೆಯ ಪಕ್ಕ ಕೆಳಗಿತ್ತು. ಗಾರ್ಸಾ ಬರಿ ಬೆನ್ನಲ್ಲಿ ನಿಂತಿತ್ತು. ಧಣಿ ಕಾಫಿ ಲೋಟ ಹಿಡಿದು, "ನನ್ ಕುದುರೆ ಎಲ್ಲೋ?" ಅಂತ ಕೂಗಿದ.

ನಿಕಾನೋರ್ ದೊಡ್ಡಿಯ ಹಿಂದಿನಿಂದ ಧಣಿಯ ಕರಿ ಕುದುರೆಯನ್ನು ನಡೆಸಿಕೊಂಡು ಬಂದ. ಬೆಳ್ಳಿ ಗುಂಡಿಗಳ ಜೀನಿನ ಮೇಲೆ ಸತ್ತ ಮರಿಯನ್ನು ಅಡ್ಡ ಮಲಗಿಸಿ, ತನ್ನ ಅಂಗಿ ಹರಿದು ಕಟ್ಟಿದ್ದ. ಮೈ ತೊಳೆದಿದ್ದ. ಕೂದಲು ಬಾಚಿದ್ದ.

ಏರಿನಲ್ಲಿ ಅತ್ತಿದ್ದ ಹೆಂಗಸು ಕೈಯಿಂದ ಬಾಯಿ ಮುಚ್ಚಿಕೊಂಡಳು. ದೊಡ್ಡಯ್ಯ ಮರಿಯನ್ನು ನೋಡಿದ, ಗಾರ್ಸಾಳ ಜೋತುಬಿದ್ದ ಹೊಟ್ಟೆಯನ್ನು ನೋಡಿದ, ಧಣಿಯನ್ನು ನೋಡಿದ. ಅವನ ಕೆಂಪು ಮುಖ ಬೂದಿಯಾಯಿತು.

"ಇಳ್ಸೋ ಬೋಳಿಮಗನೆ!" ಧಣಿಯ ಧ್ವನಿ ಸಣ್ಣಗಿತ್ತು. ಅತಿಥಿಗಳ ಮುಂದೆ ಕೂಗುವಂತಿರಲಿಲ್ಲ.

"ಇದು ನಂದು ಅಂತ ನೀವೇ ಅಂದ್ರಿ ಧಣಿ." ನಿಕಾನೋರ್ ಟೋಪಿ ತೆಗೆಯಲಿಲ್ಲ. "ನಂದು ಕುದುರೆ ಮ್ಯಾಲೇ ಹೋಯ್ತದೆ."

ಹಗ್ಗ ಹಿಡಿದು ಇಳಿಜಾರಿನ ಕಡೆ ನಡೆದ. ದಿನವೂ ಅವನ ಹಿಂದೆ ನಡೆದು ರೂಢಿಯಾದ ಕುದುರೆಗಳು, ಮೇಲೆ ಕೂತವರನ್ನು ಕೇಳದೆ, ಒಂದರ ಹಿಂದೊಂದು ಹೊರಟವು. ಲಗಾಮು ಎಳೆಯಲು ಯಾರಿಗೂ ಕೈ ಬರಲಿಲ್ಲ. ಗಾರ್ಸಾ ಎಲ್ಲರನ್ನೂ ನೂಕಿಕೊಂಡು ಮುಂದೆ ಹೋಗಿ, ಜೋತಾಡುತ್ತಿದ್ದ ಮರಿಯ ಕಾಲಿಗೆ ಮೂಗು ತಾಗಿಸಿ ನಡೆಯಿತು.

ಧಣಿ ಫೋನಿನಲ್ಲಿ ಮಾತಾಡಿ ಮುಗಿಸಿ ನನ್ನ ಹೇಸರಗತ್ತೆಯ ಲಗಾಮು ಹಿಡಿದ. "ಇಳಿಯೇ. ನಾನು ಹತ್ತಬೇಕು."

ಹದಿನಾರು ವರ್ಷ ಆ ಧ್ವನಿಗೆ ಇಳಿದವಳು ನಾನು. ಕಾಲು ತಾನಾಗಿ ರಿಕಾಪಿನಿಂದ ಎದ್ದಿತು. ಮತ್ತೆ ಒಳಗೆ ತೂರಿಸಿದೆ.

"ಪಾತ್ರೆ ಅವೆ ಧಣಿ. ಜಾಗ ಇಲ್ಲ," ಅಂದೆ. ಅವನ ಬೆರಳಿಗೆ ಸೌಟಿನಿಂದ ಹೊಡೆದೆ. ಬಿಟ್ಟ.

ಅರ್ಧ ದಾರಿ ಇಳಿಯುವಾಗ ಕೆಳಗೆ ಹೊಳೆಯ ಕಡವು ಕಂಡಿತು. ಅಲ್ಲಿ ಪೊಲೀಸರ ಬಿಳಿ ಗಾಡಿ ಆಗಲೇ ಬಂದು ಅಡ್ಡ ನಿಂತಿತ್ತು. ಇಬ್ಬರು ಇಳಿದು ನಮ್ಮ ಕಡೆ ನೋಡುತ್ತಿದ್ದರು.

"ಕಂಡ್ಯಾ ತಮ್ಮಾ?" ಅಂದೆ.

"ಕಂಡೆ."

ಮರಿಯ ತಲೆ ಹೆಜ್ಜೆಹೆಜ್ಜೆಗೂ ರಿಕಾಪಿನ ಕಬ್ಬಿಣಕ್ಕೆ ತಾಗುತ್ತಿತ್ತು. ಅವನು ಒಂದು ಕೈಯನ್ನು ಅದರ ಕೆನ್ನೆಯ ಕೆಳಗೆ ಕೊಟ್ಟು, ತಾಗದ ಹಾಗೆ ಹಿಡಿದುಕೊಂಡು, ಇಳಿಯುತ್ತಲೇ ಹೋದ.