ಅಮ್ಮನ ತಲೆಯ ಮೇಲಿನ ಆಣೆ

ಪುತ್ತಿಗೆಯ ಕಾಂತಿಗೆ ಜ್ವರ ಬಂದು ವಾರವಾಗಿತ್ತು. ಪಕ್ಕದ ಮನೆಯ ರಾಫಿಯಾ ಗಂಜಿ ತಂದಿಟ್ಟರೂ ಅವಳು ಏಳಲಿಲ್ಲ. ಎದುರಿನ ಕೋಣೆಗೆ ಬೀಗ ಬಿದ್ದಿತ್ತು. ಅದು ಮಗ ಅಶ್ವಿತ್‌ನ ಕೋಣೆ.

“ಅವನು ಬಿ.ಸಿ. ರೋಡಿನಲ್ಲಿ ಗೆಳೆಯನ ರೂಮಿನಲ್ಲಿದ್ದಾನಂತೆ, ಕಾಂತಿಯಕ್ಕ. ಒಂದು ಫೋನ್ ಮಾಡುವ.”

“ಯಾಕೆ? ಇನ್ನು ಆ ಅಮಲಿನ ಎಂಡಿಎಂಎ ಪುಡಿ ಮುಟ್ಟುವುದಿಲ್ಲ ಅಂತ ನನ್ನ ತಲೆ ಮುಟ್ಟಿ ಆಣೆ ಹಾಕಿದ್ದ. ತಿಂಗಳು ಕಳೆಯಲಿಲ್ಲ, ಮುರಿದ. ಅಮ್ಮ ಸತ್ತರೂ ಅಡ್ಡಿಯಿಲ್ಲ ಅಂತ ತಾನೇ ಅರ್ಥ?”

“ಆಣೆಗೆ ಬಿಡುವ ಕಾಯಿಲೆ ಅಲ್ಲ ಅದು.”

“ಕಾಯಿಲೆಯಂತೆ! ಕೊಬ್ಬು ಮಾರಾಯ್ತಿ, ಕೊಬ್ಬು. ನನಗೆ ಶುಗರ್ ಉಂಟು, ನಾನು ಹೋಳಿಗೆ ಬಿಡಲಿಲ್ವಾ?”

“ಕಳೆದ ತಿಂಗಳು ಮದುವೆಯಲ್ಲಿ ಕೇಳಿ ಹಾಕಿಸಿಕೊಂಡದ್ದು ಯಾರು?”

ಕಾಂತಿಗೆ ನಗು ಬರುವುದರಲ್ಲಿತ್ತು. ಬರಲಿಲ್ಲ.

“ನಮ್ಮವರನ್ನು ನೋಡುತ್ತಿದ್ದ ಡಾಕ್ಟರ್ ಹೇಳಿದ್ದರು,” ಎಂದಳು ರಾಫಿಯಾ. “ಸಂಕಟ ಬಂದರೆ ಕೆಲವರು ಯಾರ ಹತ್ತಿರವೂ ಹೇಳುವುದಿಲ್ಲ, ಒಳಗೇ ನುಂಗ್ತಾರೆ. ಅಂಥವರಿಗೆ ಪುಡಿಯೇ ಆಸರೆ ಆಗ್ತದೆ. ಆಮೇಲೆ ಮನಸ್ಸು ಬೇಡ ಅಂದರೂ ಮೆದುಳು ಬಿಡುವುದಿಲ್ಲ.”

ಕಾಂತಿಗೆ ನೆನಪಾಯಿತು. ಅಪ್ಪ ದುಬೈಯಿಂದ ಫೋನ್ ಮಾಡಿದರೆ ಪುಟ್ಟ ಅಶ್ವಿತ್ ಮಾತಾಡಲು ಬರುತ್ತಿರಲಿಲ್ಲ. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ. ಇವನಿಗೆ ಪ್ರೀತಿಯೇ ಇಲ್ಲ ಎಂದು ಎಲ್ಲರೂ ನಗುತ್ತಿದ್ದರು.

“ನಿಝಾರ್ ಹತ್ತಿರವೂ ಮನೆಯವರು ಆಣೆ ಹಾಕಿಸಿದ್ದರು.” ತೀರಿಹೋದ ಗಂಡನ ಹೆಸರು ಹೇಳುವಾಗ ರಾಫಿಯಾಳ ಸ್ವರ ಏರಲೂ ಇಲ್ಲ, ಇಳಿಯಲೂ ಇಲ್ಲ. “ಮಗಳ ತಲೆಯ ಮೇಲೆ. ಮುರಿದ ಮೇಲೆ ಮಗಳ ಮುಖ ನೋಡಲಿಕ್ಕೆ ಹೆದರಿ ಮನೆಗೆ ಬರಲಿಲ್ಲ. ಜೀವ ಹೋದದ್ದು ಬೆಳ್ತಂಗಡಿಯ ಒಂದು ಬಾಡಿಗೆ ರೂಮಿನಲ್ಲಿ. ಒಬ್ಬರೇ.”

ಗಂಜಿ ಆರಿತು. ಕಾಂತಿ ಫೋನಿಗೆ ಕೈ ಚಾಚಿದಳು.

“ಮಗಾ, ಆ ಆಣೆಯನ್ನು ನಾನು ಬಿಡಿಸಿದ್ದೇನೆ. ಮನೆಗೆ ಬಾ.”

ಆ ಕಡೆಯಿಂದ ಅಶ್ವಿತ್ ಕೇಳಿದ.

“ಅಮ್ಮಾ, ಜ್ವರ ಬಿಟ್ಟಿತಾ? ನಾನು ಆಣೆ ಮುರಿದ ಕಾರಣ ಬಂದದ್ದು ಅಂತ... ಹತ್ತಿರ ಬಂದರೆ ಜಾಸ್ತಿಯಾದೀತು ಅಂತ ಬರಲಿಲ್ಲ.”

ಕಾಂತಿ ಬೀಗದ ಕಡೆ ನೋಡಿದಳು.

“ಮಳೆಗಾಲದ ಜ್ವರ ಮಗಾ, ಊರಿಗೆಲ್ಲ ಉಂಟು. ನಾಳೆ ಆಸ್ಪತ್ರೆಗೆ ಹೋಗುವ, ನಾನೂ ಬರ್ತೇನೆ. ಮತ್ತೆ ತಪ್ಪಿದರೂ ಮನೆಗೇ ಬಾ.”

ರಾಫಿಯಾ ಗಂಜಿ ಬಿಸಿ ಮಾಡಲು ಅಡಿಗೆಮನೆಗೆ ಹೋದಳು. ಬೇಗ ಹೊರಗೆ ಬರಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಮಗ, ಗಂಡ, ತಂಗಿ ಇರಬಹುದು. ಆಣೆ ಹಾಕಿಸಬೇಡಿ. ಮುರಿದ ಆಣೆ ಅವರನ್ನು ಮನೆಯಿಂದಲೇ ದೂರ ಮಾಡುತ್ತದೆ. ಸರ್ಕಾರಿ ಆಸ್ಪತ್ರೆಗೆ ಜತೆಯಲ್ಲಿ ಹೋಗಿ. ವ್ಯಸನ ಬಿಡಿಸುವ ಸಹಾಯವಾಣಿ 14446ಕ್ಕೆ ಕರೆ ಮಾಡಿ, ದುಡ್ಡು ಕೊಡಬೇಕಿಲ್ಲ. ಅದಕ್ಕೂ ಮೊದಲು ಅವರಿಗೊಂದು ಫೋನ್ ಮಾಡಿ. ಫೋನ್ ಎತ್ತಲು ಅವರು ಇನ್ನೂ ಇದ್ದಾರೆ.